ಅಕ್ಷರಯಂತ್ರವೂ ಹಿಂತೆಗೆದುಕೊಂಡ ಮಾತೂ



ಕಳೆದ ತಿಂಗಳ ಸಭೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ನನ್ನನ್ನು ಕಂಡು, “ಏನು ಮೇಷ್ಟ್ರೇ, ಗಣಕಯಂತ್ರವು ಕನ್ನಡದ ಕೊರಳಿಗೆ ಉರುಲೆಂದು ಇದೇ ಪತ್ರಿಕೆಯಲ್ಲಿ ಬರೆದವರು ತಾವೇ ಅಲ್ಲವೆ? ಈಗ ತಾವೇ ಅದರ ಮುಂದೆ ಕುಳಿತು ಲೇಖನಗಳನ್ನು ಸಿದ್ಧಪಡಿಸುತ್ತೀರೆಂದು ಕೇಳಿದೆ. ಪಂಡಿತರ ಮಾತಿಗೂ ಇಷ್ಟೇ ಬೆಲೆಯೇ?” ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆನು. ಆದರೆ ನಕ್ಕು ಸುಮ್ಮನಾಗತಕ್ಕ ಪ್ರಶ್ನೆ ಅದಲ್ಲವೆಂದು ಮನೆಗೆ ಬಂದ ಮೇಲೆ ತೋರಿತು. ಏಕೆಂದರೆ ಅದೇ ದಿನ, ನಮ್ಮ ಪತ್ರಿಕೆಯು ಹಳೆಯ ಫಾಂಟುಗಳ ಪದ್ಧತಿಯನ್ನು ಬಿಟ್ಟು ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಕ್ರಮವನ್ನು ಅಂಗೀಕರಿಸಬೇಕೇ ಬೇಡವೇ ಎಂಬ ವಿಚಾರವು ಬಂದಾಗ, ನನ್ನ ಆ ಹಳೆಯ ಲೇಖನವನ್ನೇ ಪ್ರಮಾಣವಾಗಿ ಎತ್ತಿಹಿಡಿದು “ಬೇಡ” ಎಂದವರಿದ್ದರು. ನಿರ್ಣಯವು ಮುಂದಿನ ಸಭೆಗೆ ಹೋಯಿತು. ನನ್ನ ಮಾತು ನನಗೇ ಪ್ರತಿವಾದಿಯಾಗಿ ನಿಂತಿರುವಾಗ ಅದಕ್ಕೆ ಉತ್ತರ ಹೇಳತಕ್ಕವನು ನಾನೇ ಸರಿ. ಆದುದರಿಂದ ಸಂಪಾದಕ ಮಹಾಶಯರಲ್ಲಿ ನಾಲ್ಕು ಪುಟಗಳ ಸ್ಥಳವನ್ನು ಬೇಡಿ ಈ ಲೇಖನವನ್ನು ಬರೆದಿರುತ್ತೇನೆ.

ಮೊದಲು ನಾನು ಅಂದು ಹೇಳಿದ್ದೇನೆಂಬುದನ್ನು ಹೇಳುವೆನು. ಆ ಲೇಖನವು ಪ್ರಕಟವಾಗಿ ಇಪ್ಪತ್ತು ವರ್ಷಗಳ ಮೇಲಾಯಿತು. ಅದರಲ್ಲಿ ನನ್ನ ಆಕ್ಷೇಪಣೆಗಳು ಮೂರು. ಮೊದಲನೆಯದು, ಯಂತ್ರದೊಳಗೆ ಕನ್ನಡವೇ ಇಲ್ಲ, ಕನ್ನಡದ ವೇಷ ಮಾತ್ರ ಇದೆ ಎಂಬುದು. ಅಂದಿನ ಕ್ರಮದಲ್ಲಿ ಒಂದು ಫಾಂಟಿಗೆ ಇದ್ದ ಮನೆಗಳು ೨೫೬. ಅವೂ ಇಂಗ್ಲಿಷ್ ಮೊದಲಾದ ಐರೋಪ್ಯ ಭಾಷೆಗಳಿಗೆಂದು ಕಟ್ಟಿದ ಮನೆಗಳು. ನಮ್ಮವರು ಆ ಅಕ್ಷರಗಳ ಚಿತ್ರಗಳನ್ನು ತೆಗೆದು, ಆ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತು, ದೀರ್ಘ ಇವುಗಳ ತುಂಡುಗಳನ್ನು ಕೂರಿಸಿದರು. ತೆರೆಯ ಮೇಲೆ ‘ಕನ್ನಡ’ವೆಂದು ಕಂಡರೂ ಒಳಗೆ ಯಂತ್ರವು ನೆನಪಿಟ್ಟುಕೊಂಡದ್ದು ಪರಭಾಷೆಯ ಚಿಹ್ನೆಗಳ ಸಾಲನ್ನು. ಆ ಫಾಂಟಿಲ್ಲದ ಬೇರೊಂದು ಯಂತ್ರದಲ್ಲಿ ತೆರೆದರೆ ಆ ವೇಷವು ಕಳಚಿ, ತಲೆಯ ಮೇಲೆ ಗೀಟು ಚುಕ್ಕೆಗಳನ್ನು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಮಾತ್ರ ಕಾಣುತ್ತಿತ್ತು.

ಎರಡನೆಯದು ಅರ್ಕಾವತ್ತಿನ ಮಾತು. ‘ಧರ್ಮ’ ಎಂಬಲ್ಲಿ ರೇಫೆಯನ್ನು ಮೊದಲು ಉಚ್ಚರಿಸುತ್ತೇವೆ, ಮಕಾರವನ್ನು ಅನಂತರ. ಆ ಯಂತ್ರವಾದರೋ ಕಣ್ಣಿಗೆ ಕಂಡಂತೆ ಧಕಾರ, ಮಕಾರ, ಆಮೇಲೆ ಅರ್ಕಾವತ್ತು ಎಂದು ಶೇಖರಿಸುತ್ತಿತ್ತು. ಲಘುಕೌಮುದಿಯನ್ನು ಓದಿ ಸಂಧಿಕಾರ್ಯವನ್ನು ವರ್ಣ ವರ್ಣವಾಗಿ ಬಿಡಿಸಿ ಕಲಿತ ನನಗೆ ಇದು ಅಸಹ್ಯವಾಯಿತು. ಕೈಬರಹದಲ್ಲಿಯೂ ಅರ್ಕಾವತ್ತನ್ನು ಹಿಂದೆಯೇ ಬರೆಯುತ್ತೇವಲ್ಲ ಎಂದು ಯಾರಾದರೂ ಕೇಳಬಹುದು. ಬರೆಯುತ್ತೇವೆ, ನಿಜ, ಆದರೆ ಬರೆಯುವವನ ಮನಸ್ಸಿನಲ್ಲಿ ರೇಫೆಯು ಮೊದಲೇ ಇರುತ್ತದೆ. ಯಂತ್ರಕ್ಕೆ ಮನಸ್ಸಿಲ್ಲವಾದುದರಿಂದ ಅದರ ಶೇಖರಣೆಯೇ ಅದರ ತಿಳಿವಳಿಕೆ. ಅಲ್ಲಿ ಕ್ರಮ ತಪ್ಪಿದರೆ ಪದಗಳನ್ನು ಅಕಾರಾದಿಯಾಗಿ ಜೋಡಿಸುವುದೂ ಬೇಕಾದ ಪದವನ್ನು ಹುಡುಕುವುದೂ ಕೆಟ್ಟುಹೋಗುವುವು.

ಮೂರನೆಯದು ನಮ್ಮ ಪುರಾತನ ಅಕ್ಷರಗಳ ವಿಷಯ. ನಾನು ಕಂಡ ಯಂತ್ರದಲ್ಲಿ ಱ, ೞ ಎಂಬ ಎರಡಕ್ಕೂ ಎಡೆಯಿರಲಿಲ್ಲ. ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳೆಂದು ಭೇದವನ್ನು ಹೇಳಿರುವುದು ವಿನೋದಕ್ಕಲ್ಲ. ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ‘ಅರಿ’ ಎಂದರೆ ಹಗೆ, ‘ಅಱಿ’ ಎಂದರೆ ತಿಳಿ. ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟದಲ್ಲಿ ನಮ್ಮ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಅದರ ಒಂದು ಪಂಕ್ತಿಯನ್ನಾದರೂ ಶುದ್ಧವಾಗಿ ನಕಲು ಮಾಡಲಾರದ ಯಂತ್ರವನ್ನು ಚಿತ್ರದುರ್ಗದ ಸಾಹಿತ್ಯಸಂಘವು ಏಕೆ ಹೊತ್ತು ಮೆರೆಯಬೇಕು ಎಂದು ಕೇಳಿದ್ದೆನು.

ಈ ಮೂರು ಮಾತುಗಳಲ್ಲಿ ಒಂದನ್ನೂ ಇಂದು ಸುಳ್ಳೆಂದು ಹೇಳುವುದಿಲ್ಲ. ಅಂದಿನ ಯಂತ್ರಕ್ಕೆ ಅವು ಸಲ್ಲುವ ಮಾತುಗಳೇ ಆಗಿದ್ದುವು. ಬದಲಾದದ್ದು ಯಂತ್ರ. ಹೇತುವು ಹೋದ ಮೇಲೂ ಫಲವನ್ನು ಹಿಡಿದುಕೊಂಡಿರುವವನನ್ನು ಸ್ಥಿರಬುದ್ಧಿಯುಳ್ಳವನೆಂದು ಕರೆಯುವ ಶಾಸ್ತ್ರವನ್ನು ನಾನೆಲ್ಲಿಯೂ ಓದಿಲ್ಲ.

ಹಾಗಾದರೆ ಬದಲಾದದ್ದೇನು? ೧೯೯೧ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯು ಹೊರಬಂದಿತು. ಭಾರತೀಯ ಲಿಪಿಗಳಿಗಾಗಿ ನಮ್ಮ ದೇಶದಲ್ಲಿಯೇ ರೂಪುಗೊಂಡಿದ್ದ ಇಸ್ಕಿ ಎಂಬ ಸಂಕೇತಕ್ರಮವನ್ನು ಅನುಸರಿಸಿ ಅದರಲ್ಲಿ ಕನ್ನಡಕ್ಕೂ ಪ್ರತ್ಯೇಕವಾದ ಕೇರಿಯೊಂದು ಏರ್ಪಟ್ಟಿತು. ಅದರಲ್ಲಿ ೧೨೮ ಮನೆಗಳು. ಆ ಮನೆಗಳಲ್ಲಿ ವಾಸಿಸುವುದು ತಲೆಕಟ್ಟಿನ ತುಂಡುಗಳಲ್ಲ. ಸ್ವರ, ವ್ಯಂಜನ, ಸ್ವರಚಿಹ್ನೆ, ಅಕಾರವನ್ನು ತೆಗೆಯುವ ಹಲಂತಚಿಹ್ನೆ, ಅಂಕೆ ಇವು. ‘ಧರ್ಮ’ವೆಂಬುದು ಈಗ ಧಕಾರ, ರಕಾರ, ಹಲಂತಚಿಹ್ನೆ, ಮಕಾರ ಎಂದು ಉಚ್ಚಾರದ ಕ್ರಮದಲ್ಲಿಯೇ ಶೇಖರವಾಗುವುದು, ಅರ್ಕಾವತ್ತನ್ನು ಎಲ್ಲಿ ಚಿತ್ರಿಸಬೇಕೆಂಬುದು ಫಾಂಟಿನ ಕೆಲಸ. ನಾನು ಹಿಂದೆ ಬೇಡಿದ್ದುದು ಇದನ್ನೇ ಅಲ್ಲವೆ?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳತಕ್ಕದ್ದಿದೆ. ಈ ಕ್ರಮವು ನಾನು ಲೇಖನ ಬರೆಯುವುದಕ್ಕೆ ಮೊದಲೇ ಹುಟ್ಟಿತ್ತು, ನಾನದನ್ನು ವಿಚಾರಿಸಿರಲಿಲ್ಲ. ಆದರೆ ಗ್ರಂಥದಲ್ಲಿರುವ ಔಷಧವು ಅಂಗಡಿಗೆ ಬಂದು ರೋಗಿಯ ಕೈ ಸೇರುವ ತನಕ ಅದರಿಂದ ಜ್ವರ ಬಿಡುವುದಿಲ್ಲ. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ‘ತುಂಗಾ’ ಎಂಬ ಫಾಂಟಿನೊಡನೆ ಅವಕಾಶವು ದೊರೆಯಿತಾದರೂ ನಮ್ಮ ಊರಿನ ಡಿಟಿಪಿ ಅಂಗಡಿಗಳಲ್ಲಿ ಬಹುಕಾಲ ಹಳೆಯ ಪದ್ಧತಿಯೇ ನಡೆಯಿತು. ಹೊಸದರಲ್ಲಿಯೂ ತೊಡಕುಗಳಿದ್ದುವು. ‘ರ‍್ಯಾಂಕು’ ಎಂದು ಬರೆಯಹೊರಟವನಿಗೆ ‘ರ್ಯಾಂಕು’ ಎಂದೇ ಬರುತ್ತಿತ್ತು. ಅದೃಶ್ಯವಾದ ಒಂದು ಸಂಯೋಜಕಚಿಹ್ನೆಯನ್ನು ನಡುವೆ ಸೇರಿಸುವ ಉಪಾಯವು ಎಲ್ಲ ಕಡೆಯೂ ನೆಲೆಗೊಂಡ ಬಳಿಕ ಆ ತೊಡಕು ತೀರಿತು. ಪುರಾತನಾಕ್ಷರಗಳ ವಿಷಯದಲ್ಲಿಯೂ ಕೆಲಸವು ನಿಲ್ಲಲಿಲ್ಲ. ಱ, ೞ ಎರಡಕ್ಕೂ ಮನೆಗಳಿವೆ. ಅವಗ್ರಹಕ್ಕೆ ಇದೆ. ಪಾಠಶಾಲೆಯವರಿಗಲ್ಲದೆ ಬೇರೆಯವರಿಗೆ ಹೆಸರೂ ತಿಳಿಯದ ಜಿಹ್ವಾಮೂಲೀಯ, ಉಪಧ್ಮಾನೀಯಗಳಿಗೂ ಇವೆ. ೨೦೨೧ರ ಆವೃತ್ತಿಯಲ್ಲಿ ನಕಾರದ ಪೊಲ್ಲಿಗೂ ಸ್ಥಾನವು ಸಿಕ್ಕಿತು. ಇಷ್ಟಾದ ಮೇಲೂ ‘ಯಂತ್ರದಲ್ಲಿ ಕನ್ನಡವಿಲ್ಲ’ ಎಂದರೆ ನನ್ನ ಮಾತೇ ಸುಳ್ಳಾದೀತು.

ಬರೆಯುವ ಸಾಧನಗಳ ಚರಿತ್ರೆಯನ್ನು ನೋಡಿದರೆ ಈ ಬದಲಾವಣೆಯ ವಿಶೇಷವು ಇನ್ನೂ ಸ್ಪಷ್ಟವಾಗುವುದು. ಓಲೆಗರಿಯ ಮೇಲೆ ಕಂಠದಿಂದ ನೇರವಾದ ಗೆರೆಗಳನ್ನು ಬಲವಾಗಿ ಎಳೆದರೆ ಗರಿಯು ಸೀಳೀತೆಂದು ಅಕ್ಷರಗಳು ದುಂಡಗಾದುವೆಂದು ಬಲ್ಲವರು ಹೇಳುತ್ತಾರೆ. ಕಲ್ಲಚ್ಚು ಬಂದಾಗ ಕೈಬರಹವೇ ಅಚ್ಚಾಯಿತು. ೧೮೪೩ರಲ್ಲಿ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವು ಹೊರಟದ್ದು ಹಾಗೆ. ಮೊಳೆಯಚ್ಚು ಬಂದಾಗ ಮೊಳೆ ಜೋಡಿಸುವವರು ಗುಣಿತಾಕ್ಷರಗಳಿಗೂ ಒತ್ತುಗಳಿಗೂ ನೂರಾರು ಮೊಳೆಗಳನ್ನು ಗೂಡುಗಳಲ್ಲಿ ಹರಡಿಕೊಂಡು ಕಷ್ಟಪಟ್ಟರು. ಕೆ. ಅನಂತಸುಬ್ಬರಾಯರು ಕನ್ನಡಕ್ಕೆ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿ ಮಹೋಪಕಾರವನ್ನು ಮಾಡಿದರು. ಆದರೂ ನಲವತ್ತು ಚಿಲ್ಲರೆ ಕೀಲಿಗಳಲ್ಲಿ ನಮ್ಮ ಅಕ್ಷರಗಳನ್ನೆಲ್ಲ ತುರುಕಬೇಕಾದಾಗ ಅಕ್ಷರಗಳ ಸೌಷ್ಠವವು ಕೆಟ್ಟಿತು. ಯಂತ್ರದ ಅನುಕೂಲಕ್ಕಾಗಿ ಲಿಪಿಯನ್ನೇ ತಿದ್ದಬೇಕೆಂದು ವಾದಿಸಿದವರೂ ಇದ್ದರು. ಹೀಗೆ ಒಂದೊಂದು ಸಾಧನವೂ ಲಿಪಿಯನ್ನು ತನ್ನತ್ತ ಬಾಗಿಸಿಕೊಂಡಿತು. ನಾನು ಹಿಂದೆ ಹೆದರಿದುದು ಇದಕ್ಕೇ. ಈಗಲಾದರೋ ಲಿಪಿಯು ಇದ್ದಂತೆಯೇ ಇದ್ದು ಸಾಧನವೇ ಅದರ ಕಡೆಗೆ ಬಾಗಿದೆ. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ವ್ಯಂಜನವನ್ನೊತ್ತಿ, ಕೂಡಿಸುವ ಕೀಲಿಯನ್ನೊತ್ತಿ, ಮತ್ತೊಂದು ವ್ಯಂಜನವನ್ನೊತ್ತಿದರೆ ಸಂಯುಕ್ತಾಕ್ಷರವು ತಾನಾಗಿ ಆಗುವುದು. ಮಕ್ಕಳಿಗೆ ನಾವು ‘ಕಕಾರಕ್ಕೆ ತಕಾರದ ಒತ್ತು’ ಎಂದು ಹೇಳಿಕೊಡುವ ಪಾಠವೇ ಇದು.

ಇಷ್ಟೆಲ್ಲವನ್ನೂ ತರ್ಕದಿಂದಲೇ ತಿಳಿದು ನಾನು ಮತವನ್ನು ಬದಲಿಸಿದೆನೆಂದು ಹೇಳಿದರೆ ಅದು ಆತ್ಮಪ್ರಶಂಸೆಯಾದೀತು. ನಡೆದ ಸಂಗತಿಯನ್ನು ಹೇಳಿಬಿಡುವೆನು. ಹೊಸದುರ್ಗದ ಕಡೆಯ ನನ್ನ ಸ್ನೇಹಿತರೊಬ್ಬರು, ನನ್ನಂತೆಯೇ ಉಪಾಧ್ಯಾಯರಾಗಿದ್ದವರು, ರಜೆಯ ದಿನಗಳಲ್ಲಿ ಹಿರಿಯೂರಿನ ಸುತ್ತಲಿನ ಕಾಡುಗೊಲ್ಲರ ಹಟ್ಟಿಗಳಿಗೆ ಹೋಗಿ ಜುಂಜಪ್ಪನ ಹಾಡುಗಳನ್ನೂ, ಹೊಳಲ್ಕೆರೆಯ ಅಡಕೆ ತೋಟಗಳವರ ಬಾಯಿಂದ ಕಸುಬಿನ ಮಾತುಗಳನ್ನೂ ಸಂಗ್ರಹಿಸುತ್ತಿದ್ದರು. ರೊಪ್ಪ, ಸಿಂಗಾರ, ಹೊಂಬಾಳೆ, ಹಾಳೆ ಮೊದಲಾದ ಒಂದೊಂದು ಪದಕ್ಕೂ ಅವರಲ್ಲಿ ಒಂದೊಂದು ಚೀಟಿ. ನನಗಿಂತ ಧೈರ್ಯವಂತರಾದ ಅವರು ಅದನ್ನೆಲ್ಲ ಅಂಗಡಿಯೊಂದರಲ್ಲಿ ಹಳೆಯ ಫಾಂಟಿನಲ್ಲಿ ಅಚ್ಚಿಗೆ ಸಿದ್ಧಮಾಡಿಸಿ, ಒಂದು ತಟ್ಟೆಯಲ್ಲಿ ತುಂಬಿಸಿ ತಂದಿಟ್ಟುಕೊಂಡು, ಇನ್ನೇಕೆಂದು ಚೀಟಿಗಳನ್ನು ಬಿಸುಟರು. ಪುಸ್ತಕವು ಅಚ್ಚಾಗಲಿಲ್ಲ. ಅವರು ತೀರಿಕೊಂಡರು. ಕೆಲವು ವರ್ಷಗಳ ಹಿಂದೆ ಅವರ ಮಗನು ಆ ತಟ್ಟೆಯನ್ನು ತಂದು, “ಅಪ್ಪ ಬರೆದದ್ದು ಏನೆಂದು ನೋಡಿ ಹೇಳಿ ಮೇಷ್ಟ್ರೇ” ಎಂದನು. ಮೊಮ್ಮಗಳು ತನ್ನ ಯಂತ್ರದಲ್ಲಿ ತೆರೆದಳು. ಮುನ್ನೂರು ಪುಟಗಳಷ್ಟು ಚಿಹ್ನೆಗಳು. ಕನ್ನಡದ ಒಂದಕ್ಷರವೂ ಇಲ್ಲ.

ನಾನು ಹಿಂದೆ ಬರೆದಿದ್ದ ಮೊದಲನೆಯ ಆಕ್ಷೇಪಣೆಯು ಅಕ್ಷರಶಃ ನಿಜವಾಗಿ ಕಣ್ಣಮುಂದೆ ಕುಳಿತಿತ್ತು. ‘ನಾನು ಹೇಳಿರಲಿಲ್ಲವೆ?’ ಎಂದು ಹೇಳಬಹುದಾಗಿತ್ತು. ಆದರೆ ತಂದೆಯ ಇಪ್ಪತ್ತು ವರ್ಷದ ದುಡಿಮೆಯನ್ನು ಕೈಯಲ್ಲಿ ಹಿಡಿದು ನಿಂತಿರುವ ಮಗನ ಮುಂದೆ ಆ ಮಾತನ್ನು ಆಡುವ ನಾಲಗೆ ನನಗಿರಲಿಲ್ಲ. ಮೊಮ್ಮಗಳೇ ಹಳೆಯ ಚಿಹ್ನೆಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವೊಂದನ್ನು ಹುಡುಕಿ ಓಡಿಸಿದಳು. ಹಾಡುಗಳು ಎದ್ದುಬಂದುವು. ಒತ್ತುಗಳು ಅಲ್ಲಲ್ಲಿ ಮನೆ ತಪ್ಪಿದ್ದುವು, ಅರ್ಕಾವತ್ತುಗಳು ನೆರೆಮನೆಯ ಅಕ್ಷರದ ಮೇಲೆ ಕುಳಿತಿದ್ದುವು. ಅವನ್ನು ತಿದ್ದುವುದಕ್ಕಾಗಿಯೇ ನಾನು ಕೀಲಿಮಣೆಯನ್ನು ಕಲಿತೆನು; ಎರಡು ತಿಂಗಳು ಹಿಡಿಯಿತು. ತಿದ್ದಿದ ಪ್ರತಿಯನ್ನು ಆ ಹುಡುಗನಿಗೆ ಕಳುಹಿಸಿದಾಗ ಅವನು ಹೊಸದುರ್ಗದಲ್ಲಿ ಕುಳಿತು ತನ್ನ ಕೈಫೋನಿನಲ್ಲಿಯೇ, ಯಾವ ಫಾಂಟನ್ನೂ ಯಾರಿಂದಲೂ ಬೇಡದೆ, ತಂದೆಯ ಮಾತುಗಳನ್ನು ಓದಿಕೊಂಡನು. ಆ ದಿನವೇ ನನ್ನ ಮತವು ಬದಲಾಯಿತು.

ನಮ್ಮ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ೧೮೯೨ರಲ್ಲಿ ರೈಸರು ಅದನ್ನು ಬೆಳಕಿಗೆ ತಂದರು. ಅದನ್ನು ಬರೆದ ಚಪಡನೆಂಬ ಲಿಪಿಕಾರನು ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ತನ್ನ ಕಸುಬನ್ನು ಹೇಳುವ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿರುವನು. ಕಲ್ಲು ಸವೆಯದಿದ್ದರೂ ಓದುವ ಕ್ರಮವು ಮರೆತುಹೋದುದರಿಂದ ಅಶೋಕನ ಅಕ್ಷರಗಳು ನೂರಾರು ವರ್ಷ ಮೂಕವಾಗಿದ್ದುವು. ೧೮೩೭ರಲ್ಲಿ ಪ್ರಿನ್ಸೆಪ್ ಮಹಾಶಯನು ಬ್ರಾಹ್ಮಿಯನ್ನು ಓದಿದ ಮೇಲೆಯೇ ಅವು ಬಾಯಿಬಿಟ್ಟುವು. ಕಲ್ಲಿನ ಬರಹವು ಮೂಕವಾಗುವುದಕ್ಕೆ ಶತಮಾನಗಳು ಬೇಕಾದುವು. ನಮ್ಮ ಹಳೆಯ ಫಾಂಟಿನ ಬರಹವು ಇಪ್ಪತ್ತೇ ವರ್ಷಗಳಲ್ಲಿ ಮೂಕವಾಗಿದೆ. ನಮ್ಮ ಪತ್ರಿಕೆಯ ಹಿಂದಿನ ಸಂಚಿಕೆಗಳ ಕಡತಗಳೆಲ್ಲ ಇದೇ ಸ್ಥಿತಿಯಲ್ಲಿ ಕಚೇರಿಯ ಬೀರುವಿನಲ್ಲಿವೆ ಎಂಬುದನ್ನು “ಬೇಡ” ಎಂದ ಮಹನೀಯರು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ಪೂರ್ವಪಕ್ಷಗಳು. “ಮಾತು ಬದಲಿಸುವುದು ವಿದ್ವಾಂಸನಿಗೆ ಲಕ್ಷಣವಲ್ಲ” ಎನ್ನುವರು. ವ್ಯಾಕರಣಶಾಸ್ತ್ರದಲ್ಲಿ ಪಾಣಿನಿಯ ಸೂತ್ರಗಳ ಮೇಲೆ ಕಾತ್ಯಾಯನನು ವಾರ್ತಿಕಗಳನ್ನು ಬರೆದನು; ಹೇಳಿದ್ದನ್ನೂ, ಹೇಳದೆ ಬಿಟ್ಟದ್ದನ್ನೂ, ತಪ್ಪಾಗಿ ಹೇಳಿದ್ದನ್ನೂ ವಿಚಾರಿಸುವುದೇ ವಾರ್ತಿಕದ ಲಕ್ಷಣ. ಅವರಿಬ್ಬರನ್ನೂ ಪತಂಜಲಿಯು ವಿಮರ್ಶಿಸಿದನು. ಮೂವರಲ್ಲಿ ಮುಂದಿನ ಮುನಿಯ ಮಾತಿಗೇ ಹೆಚ್ಚಿನ ಪ್ರಾಮಾಣ್ಯವೆಂದು ನಮ್ಮ ಸಂಪ್ರದಾಯವು ಒಪ್ಪಿದೆ. ಪಾಣಿನಿಯ ಸೂತ್ರಕ್ಕೇ ತಿದ್ದುಪಡಿಯುಂಟೆಂದ ಮೇಲೆ ಚಿತ್ರದುರ್ಗದ ಮೇಷ್ಟರೊಬ್ಬರ ಲೇಖನಕ್ಕೆ ಇರಬಾರದೇ?

“ಯಂತ್ರದಿಂದ ಬರೆದರೆ ವಿದ್ಯೆ ಕೆಡುವುದು, ಪರಂಪರೆ ಕೆಡುವುದು” ಎನ್ನುವರು ಮತ್ತೆ ಕೆಲವರು. ಪರಂಪರೆಯ ಮಾತನ್ನೇ ಹೇಳುವುದಾದರೆ ಪಾಣಿನೀಯ ಶಿಕ್ಷೆಯು ಅಧಮರಾದ ಪಾಠಕರನ್ನು ಎಣಿಸುವಾಗ, ಬರೆದದ್ದನ್ನು ನೋಡಿಕೊಂಡು ಪಠಿಸುವವನನ್ನೂ ಸೇರಿಸಿದೆ. ಅಂದರೆ ಒಂದು ಕಾಲಕ್ಕೆ ಬರಹವೇ ಹೊಸದಾದ, ಶಂಕಾಸ್ಪದವಾದ ಯಂತ್ರವಾಗಿತ್ತು. ಪಾಠಕ್ಕೆ ಕಂಠವೇ ಮೇಲೆಂಬ ಆ ಮಾತನ್ನು ನಾನೂ ಒಪ್ಪುವೆನು. ಆದರೆ ಅದನ್ನೇ ಹಿಡಿದು ನಮ್ಮ ಹಿರಿಯರು ಓಲೆಗರಿಯನ್ನು ಮುಟ್ಟದಿದ್ದಿದ್ದರೆ ಇಂದು ನಮ್ಮ ಕೈಯಲ್ಲಿ ಆ ಶಿಕ್ಷೆಯ ಪುಸ್ತಕವೂ ಇರುತ್ತಿರಲಿಲ್ಲ.

“ಇಷ್ಟು ಕಾಲ ಹಳೆಯ ಫಾಂಟಿನಲ್ಲಿಯೇ ನಡೆಯಿತು, ಮುದ್ರಣಾಲಯದವರಿಗೆ ಅದೇ ಅನುಕೂಲ” ಎಂಬುದು ಮೂರನೆಯ ಪಕ್ಷ; ನಿಜವಾಗಿ ನಮ್ಮನ್ನು ತಡೆದಿರುವುದು ಇದೊಂದೇ. ಹಳೆಯ ಪದ್ಧತಿಯಿಂದ ಕನ್ನಡಕ್ಕೆ ಆದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಶೇಷಾದ್ರಿವಾಸುಗಳು ೧೯೯೮ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಇಲ್ಲದಿದ್ದರೆ ಸಾವಿರಾರು ಜನರು ಯಂತ್ರದಲ್ಲಿ ಕನ್ನಡವನ್ನೇ ಬರೆಯುತ್ತಿರಲಿಲ್ಲ. ಆದರೆ ಆ ತಂತ್ರಾಂಶಗಳನ್ನು ರಚಿಸಿದವರೇ ಕಾಲವರಿತು ಯೂನಿಕೋಡಿಗೂ ಅವಕಾಶವನ್ನು ಕಲ್ಪಿಸಿರುವರು. ಹೊಳೆ ದಾಟಿಸಿದ ಅಂಬಿಗನೇ ದಡ ಬಂತೆಂದು ಇಳಿದಿರುವಾಗ ಪ್ರಯಾಣಿಕರು ದೋಣಿಯನ್ನು ಅಪ್ಪಿಕೊಂಡು ಕುಳಿತಿರುವುದು ಉಪಕಾರಸ್ಮರಣೆಯೇ? ಸೋಮಾರಿತನವೆಂದು ನಾನು ಹೇಳುವೆನು.

ಹೊಸದೆಲ್ಲವನ್ನೂ ನಾನು ಅಪ್ಪಿಕೊಂಡೆನೆಂದು ಯಾರೂ ತಿಳಿಯಬಾರದು. ಈಗಿನ ಹುಡುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಅನಾಚಾರಕ್ಕೆ ನನ್ನ ಸಮ್ಮತಿಯಿಲ್ಲ; ಆ ಬರಹದಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ ಆಗುವುವು. ೨೦೧೭ರಿಂದ ಗೂಗಲ್ಲಿನವರ ಕೃಪೆಯಿಂದ ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಕನ್ನಡದಲ್ಲಿ ಬರೆದುಕೊಡುವುದು. ಕಣ್ಣು ಮಂದವಾದವರಿಗೆ ಅದು ವರವೇ ಸರಿ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಇನ್ನೂ ಕಲಿಯದ ಮಗುವಿಗೆ ಅದನ್ನು ಕೊಡಬಾರದು. ಮೊದಲು ಕೈಯಿಂದ ತಿದ್ದಿ ಬರೆಯಲಿ, ಅನಂತರ ಕೀಲಿಮಣೆಗೆ ಬರಲಿ. ಈ ವಿಷಯದಲ್ಲಿ ನನ್ನ ಮತವು ಬದಲಾಗಿಲ್ಲ. ಬದಲಾಗುವುದಕ್ಕೆ ಕಾರಣವೂ ಕಂಡಿಲ್ಲ.

ಆದುದರಿಂದ ಸಂಘದ ಮುಂದಿನ ಸಭೆಯಲ್ಲಿ ನಾನು ಮಾಡುವ ವಿಜ್ಞಾಪನೆಯು ಇಷ್ಟೇ. ಬರುವ ವರ್ಷದಿಂದ ಪತ್ರಿಕೆಯ ಲೇಖನಗಳನ್ನೆಲ್ಲ ಯೂನಿಕೋಡಿನಲ್ಲಿಯೇ ಸಿದ್ಧಪಡಿಸತಕ್ಕದ್ದು. ಕೈಯಿಂದ ಬರೆದು ಕಳುಹಿಸುವವರ ಲೇಖನಗಳನ್ನು ಹಿಂದಿನಂತೆಯೇ ಗೌರವದಿಂದ ಸ್ವೀಕರಿಸಿ ಕಚೇರಿಯಲ್ಲಿ ಬರೆಯಿಸತಕ್ಕದ್ದು. ಹಿಂದಿನ ಸಂಚಿಕೆಗಳನ್ನು ಪರಿವರ್ತಿಸಿ, ಯಂತ್ರವನ್ನೇ ನಂಬದೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಇಬ್ಬಿಬ್ಬರು ಕರಡು ತಿದ್ದತಕ್ಕದ್ದು. ಚಿತ್ರದುರ್ಗದ ಪಾಲಿನ ಇಬ್ಬರಲ್ಲಿ ಒಬ್ಬನಾಗಿ ನನ್ನ ಹೆಸರನ್ನು ಬರೆದುಕೊಳ್ಳಬಹುದು. ನಿವೃತ್ತನಾದ ಮೇಷ್ಟರಿಗೆ ಕೆಂಪು ಶಾಯಿಯ ಅಭ್ಯಾಸವು ಬಿಟ್ಟುಹೋಗುವುದಿಲ್ಲ.

ಕೊನೆಗೊಂದು ಮಾತು. ಆ ಸಾರ್ವತ್ರಿಕ ಕ್ರಮದಲ್ಲಿಯೂ ನಮ್ಮ ‘ೞ’ಕಾರಕ್ಕೆ ಆರಂಭದಲ್ಲಿ ತಪ್ಪು ಹೆಸರನ್ನಿಟ್ಟರು, ಅದು ಫಕಾರದ ಒಂದು ಭೇದವೆಂದು ಅವರು ತಿಳಿದರೆಂದು ಕಾಣುತ್ತದೆ. ಒಮ್ಮೆ ಇಟ್ಟ ಹೆಸರನ್ನು ಅಳಿಸಬಾರದೆಂಬುದು ಅವರ ನಿಯಮ. ಆದುದರಿಂದ ತಪ್ಪನ್ನು ಹಾಗೆಯೇ ಉಳಿಸಿ, ಅದರ ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಬರೆದಿರುವರು. ನನ್ನ ಹಳೆಯ ಲೇಖನವೂ ಈ ಪತ್ರಿಕೆಯ ಸಂಪುಟದಲ್ಲಿ ಅಚ್ಚಾಗಿ ಕುಳಿತಿದೆ. ಅದನ್ನು ಅಳಿಸುವುದಕ್ಕಾಗುವುದಿಲ್ಲ, ಅಳಿಸುವ ಇಚ್ಛೆಯೂ ನನಗಿಲ್ಲ. ಅದನ್ನು ಓದುವವರು ಇನ್ನು ಮುಂದೆ ಈ ಲೇಖನವನ್ನೂ ಅದರ ಪಕ್ಕದಲ್ಲಿಟ್ಟುಕೊಂಡು ಓದಬೇಕೆಂದು ಪ್ರಾರ್ಥಿಸುತ್ತೇನೆ.